ಎಡಿಯ ಮೇಲೆ ಬಿದ್ದ ಕೆಂಪು

ನನ್ನ ಕಸುಬು ಹುಳ ಸಾಕುವುದಾಗಿತ್ತು. ಊರಿನವರು ಕೇಳಿದರೆ "ರೇಷ್ಮಿ ಹುಳಾನ?" ಎನ್ನುತ್ತಿದ್ದರು. ರೇಷ್ಮೆ ಹುಳವಾಗಿದ್ದರೆ ಅದಕ್ಕಾದರೂ ಒಂದು ಮರ್ಯಾದೆ ಇರುತ್ತಿತ್ತು. ನಾನು ಸಾಕುತ್ತಿದ್ದದ್ದು ಜೇನುಗೂಡಿಗೆ ನುಗ್ಗಿ ಮೇಣ ತಿಂದು ಹಾಳುಮಾಡುವ ಒಂದು ಜಾತಿಯ ಪತಂಗದ ಮರಿಗಳನ್ನು. ಕಿರುಬೆರಳಿನ ಒಂದು ಗೆಣ್ಣಿನಷ್ಟು ಉದ್ದ, ನಾದಿಟ್ಟ ಮೈದಾ ಹಿಟ್ಟಿನ ಬಣ್ಣ. ಗೋಧಿ ತವಡು, ಜೇನು, ಮೇಣ ಕಲಸಿ ತುಂಬಿದ ಗಾಜಿನ ಭರಣಿಗಳಲ್ಲಿ ತಿನ್ನುತ್ತ ಬಿದ್ದಿರುತ್ತಿದ್ದವು. ಕೊಬ್ಬಿದ ಮೇಲೆ ಅವನ್ನು ಎಣಿಸಿ ಪಕ್ಕದ ಕೋಣೆಗೆ ಕೊಡಬೇಕು. ಅಲ್ಲಿ ಅವಕ್ಕೆ ರೋಗ ಹಚ್ಚಿ ಕೊಲ್ಲುತ್ತಿದ್ದರು.

ಅದು ವಿಲೆ ಪಾರ್ಲೆಯಲ್ಲಿದ್ದ ಒಂದು ಔಷಧಿ ಕಂಪನಿಯ ಹಿಂಬದಿಯ ಕಟ್ಟಡ. ಎಪ್ಪತ್ತರ ದಶಕದ ಮೊದಲ ವರ್ಷಗಳು. ಬೆಳೆ ತಿನ್ನುವ ಹುಳಗಳನ್ನು ವಿಷ ಹೊಡೆಯದೆ ರೋಗದಿಂದಲೇ ಸಾಯಿಸುವ ಬ್ಯಾಕ್ಟೀರಿಯಾ ಸಿಕ್ಕೀತೇ ಎಂದು ಹುಡುಕುತ್ತಿದ್ದರು. ಹುಡುಕುವವರು ಪುಣೆ ಕಡೆಯ ಒಬ್ಬ ಡಾಕ್ಟರ್ ಸಾಹೇಬರು. ಭರಣಿ ತೊಳೆಯುವವನು ನಾನು. ಎರಡನೆಯ ಸಲಕ್ಕೆ ಮ್ಯಾಟ್ರಿಕ್ ದಾಟಿದವನು. ಆದರೂ ನನಗೊಂದು ಬಿಳಿ ಕೋಟು ಕೊಟ್ಟಿದ್ದರು. ಆ ಕೋಟಿನ ಗುಂಡಿ ಹಾಕಿಕೊಂಡ ದಿನದಿಂದ ನನಗೆ ಜಗತ್ತಿನಲ್ಲಿ ಎರಡೇ ಜಾತಿ ಕಾಣತೊಡಗಿದವು. ಕೋಟು ಹಾಕಿದವರು ಒಂದು, ಹುಳಗಳು ಇನ್ನೊಂದು. ಧಾರಾವಿಯ ನಮ್ಮ ಚಾಳಿನ ಮಂದಿಯೆಲ್ಲ ಎರಡನೆಯ ಜಾತಿಗೆ ಸೇರಿದವರು. ನನ್ನ ಚಿಗವ್ವನೂ ಅದರಲ್ಲೇ ಬಂದಳು.

ಚಿಗವ್ವ ಎಂದರೆ ನನ್ನ ತಾಯಿಯ ತಂಗಿ. ತಾಯಿ ಸತ್ತ ಮೇಲೆ ವಿಜಾಪುರದ ಕಡೆಯ ಹಳ್ಳಿಯಿಂದ ನನ್ನನ್ನು ಕರೆತಂದು, ತಾನು ಮೂಗು ಮುಚ್ಚಿಕೊಂಡು ಎಣ್ಣೆಯ ಹಳೇ ಡಬ್ಬ ತೊಳೆದು, ನನ್ನನ್ನು ಸಾಲಿಗೆ ಕಳಿಸಿದವಳು. ಗಂಡ ಊರಿನಲ್ಲೇ ತೀರಿಕೊಂಡಿದ್ದ. ಮಕ್ಕಳಿರಲಿಲ್ಲ. ಆಕೆಗೆ ಇದ್ದದ್ದು ನಾನು, ಮತ್ತು ಎಲ್ಲವ್ವನ ಬುಟ್ಟಿ. ಬೆತ್ತದ ಬುಟ್ಟಿಯಲ್ಲಿ ದೇವಿಯ ಹಿತ್ತಾಳೆ ಮುಖ, ಸುತ್ತ ಬೇವಿನ ಸೊಪ್ಪು, ನವಿಲುಗರಿ, ಒಂದು ಚೀಲ ಭಂಡಾರ, ಅಂದರೆ ಅರಿಶಿನದ ಪುಡಿ. ಮಂಗಳವಾರ, ಶುಕ್ರವಾರ ಅದನ್ನು ತಲೆಯ ಮೇಲೆ ಹೊತ್ತು ಐದು ಮನೆ ಜೋಗ ಬೇಡಬೇಕು. ಮನೆಯವರು ಹಿಡಿ ಹಿಟ್ಟು ಹಾಕಿ ಹೊತ್ತವರ ಕಾಲು ಮುಟ್ಟುತ್ತಾರೆ, ಹೊತ್ತವರು ಭಂಡಾರ ಹಚ್ಚುತ್ತಾರೆ. ನನಗೆ ಸಣ್ಣಂದಿನಲ್ಲಿ ಕಾಮಾಲೆ ಬಂದಾಗ ಆಕೆ ಹೊತ್ತ ಹರಕೆ ಅದು. ಅದನ್ನೂ ನಾನು ಆಕೆಯ ಮೇಲಿನ ದೂರಿನಲ್ಲೇ ಸೇರಿಸಿಕೊಂಡಿದ್ದೆ. ನನ್ನನ್ನು ಕೇಳದೆ ನನ್ನ ಹೆಸರಿನಲ್ಲಿ ಬೇಡಲು ಹೊರಟವಳು ಎಂದು.

ಒಂದು ದಿನ ಕಂಪನಿಯ ಉಗ್ರಾಣದಲ್ಲಿ ಕೆಲಸ ಮಾಡುವ ಮಂಗಳೂರು ಕಡೆಯವನೊಬ್ಬ ಚಹಾ ಕುಡಿಯುತ್ತ ಕೇಳಿದ.

"ಮಾರಾಯ, ನಿನ್ನೆ ಮಾಹಿಮ್ ಸ್ಟೇಷನ್ ಹೊರಗೆ ನಿನ್ನನ್ನು ಕಂಡೆ. ಒಬ್ಬರು ಹೆಂಗಸು ಬುಟ್ಟಿ ಹೊತ್ತುಕೊಂಡು ನಿನ್ನನ್ನು ಕರೀತಾ ಇದ್ರು. ಯಾರದು?"

"ಯಾರಿಗ್ಗೊತ್ತು. ಬೇಡಾಕ ಬಂದಾಕಿ ಇರಬೇಕು."

"ಬೇಡುವವರು ಹೆಸರು ಹಿಡಿದು ಕರೀತಾರಾ ಮಾರಾಯ?"

ಅವನು ನಕ್ಕು ಬಿಸ್ಕತ್ತು ಅದ್ದಿಕೊಂಡ. ನನ್ನ ಕಿವಿ ಕಾದವು. ಅಂದು ಸಂಜೆ ಲೋಕಲ್ ರೈಲಿನ ಬಾಗಿಲಲ್ಲಿ ನಿಂತು ಬರುವಾಗ ನಾನು ಯೋಚಿಸಿದ್ದು ಒಂದೇ. ಈ ಹೆಂಗಸು ಆ ಬುಟ್ಟಿಯನ್ನು ಇನ್ನೆಂದೂ ಬೀದಿಗೆ ತರಬಾರದು. ಎಲ್ಲರೆದುರು ಒಮ್ಮೆ ಮುಖಭಂಗವಾಗಿ ಕೂರುವಂತೆ ಮಾಡಬೇಕು.

ಅದಕ್ಕೆ ಬೇಕಾದದ್ದು ನನ್ನ ಭರಣಿಗಳಲ್ಲೇ ಇತ್ತು.

ಆ ತಿಂಗಳು ನನ್ನ ಹುಳಗಳಿಗೆ ಕೇಡು ಬಡಿದಿತ್ತು. ರೋಗ ಹಚ್ಚುವ ಕೋಣೆಗೆ ಹೋಗುವ ಮೊದಲೇ, ನನ್ನ ಕೈಯಲ್ಲೇ ಸಾಯತೊಡಗಿದ್ದವು. ಸತ್ತವು ಮೊದಲು ಗುಲಾಬಿ, ಆಮೇಲೆ ಕೆಂಪು, ಮುಟ್ಟಿದರೆ ಮೆತ್ತಗೆ ಕೊಳೆತ ಹಣ್ಣಿನ ಹಾಗೆ. ಸಾಹೇಬರು ಸಾಕಿದ್ದ ಒಂದು ಕೆಂಪು ಬ್ಯಾಕ್ಟೀರಿಯಾ ನನ್ನ ಕೊಳಕು ಚಿಮಟದ ಮೂಲಕ ಈ ಕಡೆಗೆ ಬಂದಿತ್ತು. ಗಾಜಿನ ತಟ್ಟೆಯಲ್ಲಿ ಬೆಳೆದಾಗ ಅದು ಎಣ್ಣೆಯಲ್ಲಿ ಕಲಸಿದ ಕುಂಕುಮದಂತೆ ಹೊಳೆಯುತ್ತಿತ್ತು.

ಸಾಹೇಬರು ನನ್ನನ್ನು ಬೈಯಲಿಲ್ಲ. ನನ್ನಂಥವನನ್ನು ಬೈಯುವುದೂ ಅವರಿಗೆ ದಂಡ. ಎರಡು ಭರಣಿ ತಂದಿಟ್ಟರು. ಒಂದರ ತವಡಿಗೆ ಆ ಕೆಂಪನ್ನು ಕಲಸಿ ಹುಳಗಳಿಗೆ ತಿನ್ನಲು ಬಿಟ್ಟರು. ಇನ್ನೊಂದರ ಹುಳಗಳಿಗೆ ಸೂಜಿಯ ಮೊನೆಯನ್ನು ಕೆಂಪಿನಲ್ಲಿ ಅದ್ದಿ ಸುಮ್ಮನೆ ಒಂದೊಂದು ಸಲ ಚುಚ್ಚಿದರು. ಮರುದಿನ ನೋಡಿದರೆ ತಿಂದ ಹುಳಗಳು ಇನ್ನೂ ತಿನ್ನುತ್ತಲೇ ಇದ್ದವು. ಚುಚ್ಚಿಸಿಕೊಂಡವು ಎಲ್ಲವೂ ಸತ್ತಿದ್ದವು.

"ದೇಖಾ? ಪೇಟ್ ಮೇ ಗಯಾ, ಕುಛ್ ನಹೀ. ಖೂನ್ ಮೇ ಗಯಾ, ಖತಮ್," ಎಂದರು. "ತೂ ಚಿಮ್ಟಾ ಜೋರ್ ಸೇ ದಬಾತಾ ಹೈ. ಚಮ್ಡೀ ಫಟ್ತೀ ಹೈ."

ಆಮೇಲೆ ಬಿಡಿಸಿ ಹೇಳಿದರು. ನಾನು ಚಿಮಟ ಜೋರಾಗಿ ಒತ್ತಿದಾಗ ಹುಳದ ಚರ್ಮ ಹರಿಯುತ್ತಿತ್ತಂತೆ. ಹುಳದ ಹೊಟ್ಟೆಯೊಳಗೆ ಒಂದು ಗೋಡೆ ಇದೆ, ಗೋಡೆಗೆ ಕಾವಲೂ ಇದೆ. ಅಲ್ಲಿ ಈ ಬ್ಯಾಕ್ಟೀರಿಯಾ ಬಾಡಿಗೆದಾರನಂತೆ ಬಿದ್ದಿರುತ್ತದೆ. ಮೈಯ ಚರ್ಮ ಒಂದು ಕಡೆ ಹರಿದು ರಕ್ತಕ್ಕೆ ದಾರಿ ಸಿಕ್ಕಿತೋ, ಅದೇ ಬಾಡಿಗೆದಾರ ಮನೆಯನ್ನೇ ತಿಂದು ಮುಗಿಸುತ್ತದೆ. ಬ್ಯಾಕ್ಟೀರಿಯಾ ಬದಲಾಗಿಲ್ಲ. ಬಾಗಿಲು ಬದಲಾಗಿದೆ, ಅಷ್ಟೇ.

"ಮನುಷ್ಯನಿಗೆ ಏನಾಗುತ್ತದೆ?" ಎಂದು ಹಿಂದಿಯಲ್ಲಿ ಕೇಳಿದೆ.

"ಏನೂ ಇಲ್ಲ. ಹುಳಕ್ಕೆ ಮಾತ್ರ," ಎಂದರು. ಆಗ ಓದಿದವರೂ ಬಹುಮಟ್ಟಿಗೆ ಹಾಗೇ ನಂಬಿದ್ದರು. ಎಷ್ಟೋ ವರ್ಷಗಳ ಮೇಲೆ ಅದೇ ಸಾಹೇಬರೇ ಆ ತಟ್ಟೆಯನ್ನು ಕೈಗವಸು ಹಾಕದೆ ಮುಟ್ಟಬೇಡಿ ಎಂದು ಹೊಸ ಹುಡುಗರಿಗೆ ಹೇಳುವುದನ್ನು ಕೇಳಿದ್ದೇನೆ. ಆದರೆ ಅವರ ತಪ್ಪನ್ನು ನನ್ನ ತಪ್ಪಿನ ಮೇಲೆ ಹೊದೆಸಲು ಬರುವುದಿಲ್ಲ. ಚರ್ಮ ಹರಿದ ಕಡೆ ಅದು ಏನು ಮಾಡುತ್ತದೆ ಎಂದು ನಾನು ಕಣ್ಣಾರೆ ನೋಡಿದ್ದೆ.

ಮಂಗಳವಾರ ಜೋಗ ಮುಗಿಸಿ ಬಂದು ಚಿಗವ್ವ ದೇವಿಯ ಮುಂದೆ ಎಡಿ ಇಡುತ್ತಿದ್ದಳು. ಎಡಿ ಎಂದರೆ ನಮ್ಮ ಕಡೆಯ ಮಾತಿನಲ್ಲಿ ನೈವೇದ್ಯ. ಒಂದು ಹಿತ್ತಾಳೆ ಬಟ್ಟಲಲ್ಲಿ ಬಿಳಿ ಅನ್ನದ ಮುದ್ದೆ, ಮೇಲೊಂದು ತಟ್ಟೆ ಮುಚ್ಚಳ. ಶುಕ್ರವಾರದವರೆಗೆ ಅದನ್ನು ಯಾರೂ ತೆರೆಯಬಾರದು. ಶುಕ್ರವಾರ ಸಂಜೆ ನೆರೆಯವರೆದುರು ತೆರೆದು, ಆರತಿ ಮಾಡಿ, ಹಳಸಿದ ಅನ್ನವನ್ನು ಖಾಡಿಗೆ, ಅಂದರೆ ಹತ್ತಿರದ ಉಪ್ಪುನೀರಿನ ಹಳ್ಳಕ್ಕೆ, ಬಿಟ್ಟು ಬರುವುದು. ಇದು ಆಕೆಯೇ ಮಾಡಿಕೊಂಡ ನೇಮ. ಅಷ್ಟು ಅನ್ನವನ್ನು ಖಾಡಿಯ ಕೆಸರಿಗೆ ಚೆಲ್ಲುವುದನ್ನು ನೋಡಿ ನಾನು ಹಲ್ಲು ಕಡಿಯುತ್ತಿದ್ದೆ.

ಮಳೆಗಾಲ. ಗೋಡೆಗಳೆಲ್ಲ ಬೆವರುತ್ತಿದ್ದ ದಿನಗಳು. ಆ ಮಂಗಳವಾರ ಕೆಂಪಾಗಿ ಸತ್ತ ಒಂದು ಹುಳವನ್ನು ಔಷಧಿಯ ಖಾಲಿ ಬಾಟಲಿಯಲ್ಲಿ ಹಾಕಿಕೊಂಡು ಬಂದೆ. ಚಿಗವ್ವ ನಳದ ಪಾಳಿಗೆ ಕೊಡ ಹಿಡಿದು ಹೋದಳು. ತಟ್ಟೆ ಎತ್ತಿ, ಹುಳದ ಕೊಳೆತ ಮೈಗೆ ಕಡ್ಡಿಪೆಟ್ಟಿಗೆಯ ಕಡ್ಡಿ ಅದ್ದಿ, ಅನ್ನದ ಮೇಲೆ ಅಲ್ಲಲ್ಲಿ ಮುಟ್ಟಿಸಿ, ಮುಚ್ಚಿದೆ. ನಗು ಬಂತು. ಶುಕ್ರವಾರ ಇವರೆಲ್ಲ ದೇವಿಯ ಪವಾಡ ಎಂದು ಬೊಬ್ಬೆ ಹೊಡೆಯುತ್ತಾರೆ, ಆಗ ಎದ್ದು ನಿಂತು ಬಾಟಲಿ ತೋರಿಸುತ್ತೇನೆ, ನೀವು ಕೈ ಮುಗಿದದ್ದು ಹುಳದ ಕೀವಿಗೆ ಎನ್ನುತ್ತೇನೆ. ಕೋಟು ಹಾಕಿಕೊಂಡೇ ಹೇಳಬೇಕು ಎಂದೂ ಅಂದುಕೊಂಡಿದ್ದೆ.

ಶುಕ್ರವಾರ ನಮ್ಮ ಖೋಲಿಯಲ್ಲಿ, ಚಾಳಿನ ಆ ಒಂದೇ ಕೋಣೆಯಲ್ಲಿ, ಕಾಲಿಡಲು ಜಾಗವಿರಲಿಲ್ಲ. ಚಾಳಿನ ಹೆಂಗಸರು ಒಳಗೆ. ಹೊಸ್ತಿಲ ಹೊರಗೆ ಪಕ್ಕದ ಖೋಲಿಯ ಚಾಚಾ. ವಿಜಾಪುರದವನೇ, ಚರ್ಮದ ಚೀಲ ಹೊಲಿಯುವವನು. ದೇವಿಯ ನಂಬಿಕೆ ಅವನಿಗಿಲ್ಲ. ಆದರೆ ಚಿಗವ್ವನ ಆರತಿಗೆ ಒಂದು ವಾರವೂ ತಪ್ಪಿಸಿದವನಲ್ಲ. ಚಿಗವ್ವ ತಟ್ಟೆ ಎತ್ತಿದಳು.

ಬಿಳಿ ಅನ್ನದ ಮೇಲೆ ಕೆಂಪು ಹನಿಗಳು. ಒದ್ದೆಯಾಗಿ, ಹೊಳೆಯುತ್ತ, ಈಗಷ್ಟೇ ಯಾರೋ ಬೆರಳು ಕೊಯ್ದುಕೊಂಡು ತೊಟ್ಟಿಕ್ಕಿಸಿದ ಹಾಗೆ.

ಒಬ್ಬಳು "ಯವ್ವಾ!" ಎಂದು ಅಲ್ಲೇ ಕುಸಿದಳು. "ಉಧೋ, ಉಧೋ!" ಎಂದು ಎಲ್ಲರೂ ಕೂಗಿದರು.

"ಅರೇ ಅಕ್ಕಾ, ಏ ಕ್ಯಾ ಹೋಗಯಾ?" ಎಂದ ಚಾಚಾ, ಕೊರಳು ಚಾಚಿ. ನಂತರ ನನ್ನ ಕಡೆ ತಿರುಗಿ, "ಏ ಹುಳದ ಸಾಹೇಬ, ನಿನ್ನ ಆಫೀಸಿನ್ಯಾಗ ಇಂಥಾದ್ದು ನೋಡಿಯೇನು? ಬೋಲೋ ನಾ. ಮ್ಯಾಟ್ರಿಕ್ ಕಾಯ್ಕು ಮಾಡ್ಕೊಂಡಿ ಮತ್ತ?"

ಹೆಂಗಸರು ನಕ್ಕರು. ಚಿಗವ್ವ ನಗಲಿಲ್ಲ. ಆಕೆ ಕುಣಿಯಲೂ ಇಲ್ಲ, ಮೈಮೇಲೆ ಬಂದವಳಂತೆ ತೂಗಲೂ ಇಲ್ಲ. ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ನನ್ನ ಮುಖ ನೋಡಿದಳು.

"ಅಪ್ಪಿ, ನೀ ಕಲ್ತಾಂವ. ನೀನ ಹೇಳು. ಖರೇನ ಇದು ಆಕೀದ ಏನು? ಇಲ್ಲಾ ಬೂಸ್ಟು ಹಿಡದದ?"

ಇದನ್ನು ನಾನು ಎಣಿಸಿರಲಿಲ್ಲ. ನನ್ನ ಲೆಕ್ಕದಲ್ಲಿ ಆಕೆ ಹುಳ. ಹುಳ ಪ್ರಶ್ನೆ ಕೇಳುವುದಿಲ್ಲ. ಇಡೀ ಖೋಲಿಯಲ್ಲಿ ಬೂಸ್ಟು ಇರಬಹುದೇ ಎಂದು ಕೇಳುವ ಬುದ್ಧಿ ಇದ್ದದ್ದು ಆಕೆಗೊಬ್ಬಳಿಗೆ. ಬಾಟಲಿ ನನ್ನ ಕಿಸೆಯಲ್ಲೇ ಇತ್ತು. ಬಾಯಿ ತೆರೆದಿದ್ದರೆ ಸಾಕಿತ್ತು. ಆದರೆ ಎಲ್ಲರೂ ನನ್ನ ಕಡೆ ನೋಡುತ್ತಿದ್ದರು, ಮೊಟ್ಟಮೊದಲ ಸಲ ನನ್ನ ಮಾತಿಗೆ ಕಾಯುತ್ತಿದ್ದರು. ಈಗಲೇ ಹೇಳಿದರೆ ಆಟ ಇಲ್ಲಿಗೇ ಮುಗಿಯಿತು, ಒಂದು ವಾರ ಇವರು ಕುಣಿಯಲಿ, ಆಮೇಲೆ ಒಡೆದರೆ ಸದ್ದು ದೊಡ್ಡದಾಗುತ್ತದೆ ಅನ್ನಿಸಿತು.

"ಬೂಸ್ಟು ಅಲ್ಲ," ಎಂದೆ. "ಬೂಸ್ಟು ಹಿಂಗ ಕೆಂಪು ಇರಂಗಿಲ್ಲ. ಆಕೀದ ಇದ್ರೂ ಇರಬಹುದು."

ಚಿಗವ್ವ ಆಗ ಕೈ ಮುಗಿದಳು. ನನ್ನ ಮಾತು ಕೇಳಿದ ಮೇಲೆ, ಅದಕ್ಕಿಂತ ಮೊದಲಲ್ಲ.

ಆ ಅನ್ನ ಖಾಡಿಗೆ ಹೋಗಲಿಲ್ಲ. ಕೆಂಪು ಬಿದ್ದ ಅಗುಳುಗಳನ್ನು ಆರಿಸಿ, ಅರೆದು, ಒಂದು ಹಿತ್ತಾಳೆ ಕರಡಿಗೆಯಲ್ಲಿ ತುಂಬಿದಳು. ಬಂದವರ ಹಣೆಗೆಲ್ಲ ಅದನ್ನೇ ಹಚ್ಚಿದಳು. ಯಾರಿಗೂ ಏನೂ ಆಗಲಿಲ್ಲ. ಚರ್ಮ ಗಟ್ಟಿ ಇದ್ದ ಕಡೆ ಅದು ಬರೀ ಬಣ್ಣ. ನಾನು ಮೂಲೆಯಲ್ಲಿ ಕುಳಿತು ಮೂಢರ ಮೆರವಣಿಗೆ ನೋಡುತ್ತ ಒಳಗೊಳಗೇ ಕೇಕೆ ಹಾಕಿದೆ. ಒಬ್ಬ ಗಿರಣಿ ಕೆಲಸದವನು ನನಗೂ ಕೈ ಮುಗಿದು ಹೋದ, ದೇವಿ ಒಲಿದವಳ ಮಗ ಎಂದು. ಅದು ಹಿತವಾಗಿತ್ತು. ಆ ಹಿತವನ್ನು ನೆನೆದರೆ ಇಂದಿಗೂ ನನ್ನ ಮೇಲೆ ನನಗೇ ಉಗಿಯಬೇಕೆನಿಸುತ್ತದೆ.

ಭಾನುವಾರ ಬೆಳಗ್ಗೆ ಎದ್ದಾಗ ಚಿಗವ್ವ ಹೊಸ್ತಿಲಲ್ಲಿ ಕುಳಿತು ಪಾದ ತಿರುವಿ ನೋಡಿಕೊಳ್ಳುತ್ತಿದ್ದಳು. ಹಿಂದಿನ ದಿನ ಡಬ್ಬದ ತಗಡು ಹಿಮ್ಮಡಿಯ ಮೇಲೆ ಕೊಯ್ದಿತ್ತು. ಆಳವಾದ ಗಾಯ, ತುಟಿಯಂತೆ ತೆರೆದಿತ್ತು. ಪಕ್ಕದಲ್ಲಿ ಕರಡಿಗೆ. ನಾನು ನೋಡುತ್ತಿದ್ದಂತೆಯೇ ಬೆರಳ ತುದಿಯಲ್ಲಿ ಕೆಂಪು ತೆಗೆದು ಗಾಯದ ಒಳಗೆ ಒತ್ತಿದಳು. ಮೇಲೆ ಅಲ್ಲ, ಒಳಗೆ. ಆಮೇಲೆ ಸೀರೆಯ ಚಿಂದಿ ಸುತ್ತಿದಳು.

"ಉರೀತದ," ಎಂದು ನಕ್ಕಳು. "ಉರದ್ರ ಹತ್ತೈತಿ ಅಂತ ಲೆಕ್ಕ."

ಸೂಜಿ ಚುಚ್ಚಿಸಿಕೊಂಡ ಹುಳಗಳು ನನ್ನ ಕಣ್ಣ ಮುಂದೆ ಬಂದವು. ಖಂಡಿತ ಬಂದವು. ನೆನಪಾಗಲಿಲ್ಲ ಎಂದು ಹೇಳಿ ಈ ವಯಸ್ಸಿನಲ್ಲಿ ಪಾರಾಗುವ ಆಸೆ ನನಗಿಲ್ಲ. ಆಗಲೇ ಎದ್ದು ಆ ಚಿಂದಿ ಬಿಚ್ಚಿ, ಸಾಬೂನು ನೀರಿನಲ್ಲಿ ತೊಳೆದು, ನಡೆದದ್ದು ಹೇಳಬಹುದಿತ್ತು. ಹೇಳಿದರೆ ಕಡ್ಡಿ ಮುಟ್ಟಿಸಿದವನು ನಾನು ಎಂದಾಗುತ್ತಿತ್ತು. ಎರಡು ದಿನದಿಂದ ನನಗೆ ಕೈ ಮುಗಿದ ಮಂದಿ ಚಪ್ಪಲಿ ತೆಗೆಯುತ್ತಿದ್ದರು. ಮನುಷ್ಯನಿಗೆ ಏನೂ ಆಗುವುದಿಲ್ಲ ಎಂದು ಸಾಹೇಬರು ಹೇಳಿದ್ದಾರಲ್ಲ ಎಂಬ ಮಾತನ್ನು ಎಳೆದು ತಂದು ಮುಂದೆ ನಿಲ್ಲಿಸಿಕೊಂಡೆ. ಅಂಗಿ ಹಾಕಿಕೊಂಡು ಸ್ಟೇಷನ್ ಕಡೆ ತಿರುಗಾಡಲು ಹೋದೆ.

ಬುಧವಾರಕ್ಕೆ ಕಾಲು ಮೊಳಕಾಲವರೆಗೆ ಬಾತಿತು. ಗುರುವಾರ ಜ್ವರ. ಆಕೆ ಮತ್ತೆ ಮತ್ತೆ ಕರಡಿಗೆ ಕೇಳುತ್ತಿದ್ದಳು, ನಾನು ಅದನ್ನು ಖಾಡಿಗೆ ಎಸೆದು "ಕಳದದ" ಎಂದೆ. ಅಷ್ಟು ಮಾಡಲು ಧೈರ್ಯ ಬಂತು, ಅದಕ್ಕಿಂತ ಹೆಚ್ಚು ಬರಲಿಲ್ಲ. ಆಕೆ ಒದರಾಡತೊಡಗಿದಾಗ ಚಾಚಾ ಒಳಗೆ ಬಂದು ಚಿಂದಿ ಬಿಚ್ಚಿದ. ವಾಸನೆಗೆ ಮುಖ ತಿರುಗಿಸಿ, "ಲೇ ಸಾಹೇಬ, ಹುಳಾ ಸಾಕಾಂವ, ಮನುಷಾರ್ನ ಸಾಕಾಕ ಬರಂಗಿಲ್ಲೇನು ನಿನಗ?" ಎಂದು ಬೈದು, ಕೈಗಾಡಿ ತಂದು ಆಕೆಯನ್ನು ಮಲಗಿಸಿ ಸರಕಾರಿ ಆಸ್ಪತ್ರೆಗೆ ತಳ್ಳಿದ. ನಾನು ಹಿಂದೆ ಛತ್ರಿ ಹಿಡಿದುಕೊಂಡು ನಡೆದೆ.

ಎಳೆಯ ವಯಸ್ಸಿನ ಡಾಕ್ಟರು ಗಾಯ ಒತ್ತಿ ನೋಡಿ, ಇದಕ್ಕೆ ಏನು ಹಚ್ಚಿದ್ದಿರಿ ಎಂದು ನನ್ನನ್ನು ಕೇಳಿದ. "ಘಾವ್ ಪರ್ ಕ್ಯಾ ಲಗಾಯಾ ಥಾ?"

ಹುಳದ ಕೋಣೆಯಲ್ಲಿ ನಾನು ಅಷ್ಟಾದರೂ ಕಲಿತಿದ್ದೆ. ಯಾವ ಬ್ಯಾಕ್ಟೀರಿಯಾ ಎಂದು ಗೊತ್ತಾದರೆ ಯಾವ ಔಷಧಿ ಎಂದು ಹುಡುಕುವುದು ಸುಲಭ. ಸಾಹೇಬರಿಗೆ ಒಂದು ಫೋನು ಮಾಡಿದ್ದರೆ ಅದರ ಹೆಸರು, ಅದು ಯಾವ ಔಷಧಿಗೆ ಬಗ್ಗುತ್ತದೆ, ಯಾವುದಕ್ಕೆ ಬಗ್ಗುವುದಿಲ್ಲ, ಎಲ್ಲ ಸಿಗುತ್ತಿತ್ತು. ಚಾಚಾ ನನ್ನ ಮುಖವನ್ನೇ ನೋಡುತ್ತಿದ್ದ.

"ಹಲ್ದಿ," ಎಂದೆ. ಬರೀ ಅರಿಶಿನ.

"ಯೇ ಲೋಗ್," ಎಂದು, ಈ ಜನವೇ ಇಷ್ಟು ಎನ್ನುವಂತೆ, ಡಾಕ್ಟರು ನರ್ಸಿನ ಕಡೆ ನೋಡಿ ಮುಖ ಕಿವುಚಿದ. ನಾನು ಚಾಳಿನ ಮಂದಿಯನ್ನು ನೋಡುತ್ತಿದ್ದ ಮುಖವೇ ಅದು. ಈಗ ನಾನೂ ಅದರೊಳಗೆ ಬಂದಿದ್ದೆ. ನನಗೆ ಅವಮಾನವಾಯಿತು, ಚಿಗವ್ವನ ಕಾಲಿಗಾಗಿ ಅಲ್ಲ, ಆ ಮುಖಕ್ಕಾಗಿ. ನಾನು ಎಂಥವನಾಗಿದ್ದೆ ಎಂದು ಹೇಳಲು ಇದಕ್ಕಿಂತ ಹೆಚ್ಚೇನೂ ಬೇಕಿಲ್ಲ.

ಕೊಟ್ಟ ಔಷಧಿಗಳು ಹತ್ತಲಿಲ್ಲ. ಆಕೆಗೆ ಸಕ್ಕರೆ ಕಾಯಿಲೆಯೂ ಇದೆ ಎಂದು ಅಲ್ಲಿಯೇ ಗೊತ್ತಾಯಿತು. ಜೀವ ಉಳಿಸಲು ಕಾಲನ್ನು ಮೊಳಕಾಲ ಕೆಳಗೆ ತೆಗೆದರು. ಸಕ್ಕರೆಯಿಂದ, ಹೊಲಸು ತಗಡಿನಿಂದ, ಯಾವುದರಿಂದಲೂ ಆಗಿರಬಹುದು ಎಂದರು. ಅನೇಕ ವರ್ಷ ನಾನು ಆ ಸಕ್ಕರೆಯನ್ನು ನನ್ನ ವಕೀಲನಾಗಿ ಇಟ್ಟುಕೊಂಡಿದ್ದೆ. ಅಗ್ಗದ ವಕೀಲ. ಅವನ ವಾದ ನನಗೇ ಹಿಡಿಸುತ್ತಿರಲಿಲ್ಲ.

ಮನೆಗೆ ಬಂದ ಮೇಲೆ ಚಿಗವ್ವ ಗೋಡೆಗೆ ಒರಗಿ ಕುಳಿತಳು. ಬುಟ್ಟಿ ಗೂಟದಲ್ಲಿ ನೇತಾಡುತ್ತಿತ್ತು. ಬೇವಿನ ಸೊಪ್ಪು ಒಣಗಿ ಉದುರಿತು. ಬೀದಿಯಲ್ಲಿ ಬುಟ್ಟಿ ಕಾಣಿಸಬಾರದು ಎಂದಿದ್ದೆನಲ್ಲ, ಕಾಣಿಸಲಿಲ್ಲ. ನಾನು ಬಯಸಿದ್ದು ಪೂರ್ತಿ ನನ್ನ ಕೈಗೆ ಬಂದಿತ್ತು.

ಆಕೆ ದೇವಿಯನ್ನು ದೂರಲಿಲ್ಲ. ತನ್ನನ್ನೇ ದೂರಿಕೊಂಡಳು. "ಡಬ್ಬಾ ತೊಳದ ಹೊಲಸು ಕೈಲೆ ಆಕೀನ್ನ ಮುಟ್ಟಿದ್ನಿ. ಅದಕ್ಕ ಸಿಟ್ಟಾದಳು," ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಕೇಳುತ್ತ ಕೇಳುತ್ತ, ರಜೆ ಹಾಕಿದ್ದ ಒಂದು ಮಂಗಳವಾರ ಮಧ್ಯಾಹ್ನ ನನಗೆ ತಡೆಯಲಾಗಲಿಲ್ಲ. ರೊಟ್ಟಿ ತಿನ್ನುತ್ತಿದ್ದವನು ತಟ್ಟೆ ಸರಿಸಿ ಎಲ್ಲವನ್ನೂ ಹೇಳಿಬಿಟ್ಟೆ. ಸತ್ತ ಹುಳ, ಬಾಟಲಿ, ಕಡ್ಡಿ, ಕಂಪನಿಯಲ್ಲಿ ಆಕೆಯನ್ನು ಬೇಡುವವಳು ಅಂದದ್ದು, ಆಸ್ಪತ್ರೆಯಲ್ಲಿ ಅರಿಶಿನ ಅಂದದ್ದು. ಬೈಯಲಿ, ಕೈಗೆ ಸಿಕ್ಕಿದ್ದರಿಂದ ಹೊಡೆಯಲಿ ಎಂದು ಕಾದೆ.

ಆಕೆ ಗೂಟದ ಬುಟ್ಟಿಯ ಕಡೆ ನೋಡಿದಳು.

"ಅವತ್ತ ನಾ ನಿನ್ನ ಕೇಳಿದ್ನೆಲ್ಲಪ್ಪ," ಎಂದಳು. "ಎಲ್ಲಾರ ಮುಂದ ಕೇಳಿದ್ನಿ. ಬೂಸ್ಟು ಏನು ಅಂತ."

"ಕೇಳಿದ್ದಿ."

"ಮತ್ತ?"

ಆಕೆಯ ಕಣ್ಣಲ್ಲಿ ಸಿಟ್ಟು ಇರಲಿಲ್ಲ. ಇದ್ದದ್ದು ಅದಕ್ಕಿಂತ ಕೆಳಗಿನದು. ತೊಳೆದರೂ ಉಪಯೋಗಕ್ಕೆ ಬಾರದ ಡಬ್ಬವನ್ನು ಬದಿಗೆ ತಳ್ಳುವಾಗಿನ ನೋಟ.

"ಅವತ್ತ ಹೌದಂದಿ. ಇವತ್ತ ಅಲ್ಲಂತಿ. ನಿನ್ನ ಮಾತು ಹಿಡಕೊಂಡು ನಾ ಏನ್ ಮಾಡ್ಲಿ?" ಎಂದಳು. ಆಮೇಲೆ, "ಮಂಗಳಾರ ಅದ. ಎಷ್ಟು ವಾರ ಆತು ಜೋಗ ತಪ್ಪಿ. ನನ್ನ ಕಾಲು ಹೋಗ್ಯದ. ನಿನಗ ಎರಡೂ ಅದಾವಲ್ಲ. ಬುಟ್ಟಿ ಎತ್ತು."

"ನಾನಾ?"

"ಮತ್ತ ಯಾರು, ನಿಮ್ಮ ಸಾಹೇಬ ಬರ್ತಾನೇನು?"

ನನಗೆ ಆ ದೇವಿಯ ಮೇಲೆ ನಂಬಿಕೆ ಇರಲಿಲ್ಲ, ಇಂದಿಗೂ ಇಲ್ಲ. ಹಿತ್ತಾಳೆಯ ಮುಖ ಹಿತ್ತಾಳೆಯೇ. ಆದರೂ ಎತ್ತಿದೆ. ಹೊರಗೆ ಬಂದಾಗ ಚಾಚಾ ದಾರ ಕಡಿಯುವುದನ್ನು ಬಿಟ್ಟು ನೋಡಿದ. "ಕ್ಯಾ ಸಾಹೇಬ, ಪ್ರಮೋಷನ್ ಹೋಗಯಾ?" ಎಂದ. ನಗಲಿಲ್ಲ. ಆಸ್ಪತ್ರೆಯಿಂದ ಈಚೆಗೆ ಅವನು ನನ್ನ ಜೊತೆ ಆಡಿದ ಮೊದಲ ಮಾತು ಅದು.

ಮೊದಲ ಮನೆಗಳಲ್ಲಿ ಹಿಟ್ಟು ಹಾಕಿದರು, ಕಾಲು ಮುಟ್ಟಲು ಬಗ್ಗಿದರು. ನಾನು ಹಿಂದೆ ಸರಿದೆ. ನಾಲ್ಕನೆಯ ಮನೆಯ ಹೆಂಗಸು ಮಗುವನ್ನು ಎತ್ತಿಕೊಂಡು ಬಂದಳು. ಮಗುವಿನ ಮೊಳಕಾಲು ಕೆತ್ತಿ ಹಸಿಯಾಗಿತ್ತು, ನೊಣ ಮುತ್ತಿದ್ದವು.

"ಭಂಡಾರ ಹಚ್ಚಪ್ಪ ಇದಕ್ಕ. ಆಕಿ ಕೈ ಮುಟ್ಟಿದಂಗ ಆಗ್ಲಿ."

ಚೀಲದೊಳಗೆ ಕೈ ಹಾಕಿದೆ. ಕೈ ಅಲ್ಲೇ ನಿಂತಿತು.

"ಹಚ್ಚಬ್ಯಾಡ್ರಿ," ಎಂದೆ. "ತೆರದ ಗಾಯಕ್ಕ ಏನೂ ಹಚ್ಚಬ್ಯಾಡ್ರಿ, ಇದನ್ನೂ ಬ್ಯಾಡ. ನೀರು ಕಾಸಿ ಆರಿಸಿ ಸಾಬೂನು ಹಚ್ಚಿ ತೊಳೀರಿ. ನಾಳಿ ಮುನಿಸಿಪಾಲ್ಟಿ ದವಾಖಾನಿಗೆ ಕರಕೊಂಡು ಹೋಗ್ರಿ."

ಆಕೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಭಂಡಾರ ಹಚ್ಚಾಕ ಬರಲ್ದಾಂವ ಬುಟ್ಟಿ ಯಾಕ ಹೊತ್ತಿ? ಹೊಟ್ಟಿಗೇನು?" ಎಂದು, ಹಾಕಲು ತಂದಿದ್ದ ಹಿಟ್ಟನ್ನು ಒಳಗೊಯ್ದು ಬಾಗಿಲು ಹಾಕಿಕೊಂಡಳು.

ಮುಚ್ಚಿದ ಬಾಗಿಲಿಗೆ ಕಿವಿಗೊಟ್ಟು ನಿಂತೆ. ಸ್ವಲ್ಪ ಹೊತ್ತಿನ ಮೇಲೆ ಒಳಗೆ ಸ್ಟೋವ್ ಪಂಪು ಹೊಡೆಯುವ ಸದ್ದು ಬಂತು. ನೀರಿಗೋ, ಚಹಾಕ್ಕೋ, ನನಗೆ ತಿಳಿಯಲಿಲ್ಲ. ಬುಟ್ಟಿ ಸರಿಮಾಡಿಕೊಂಡು ಮುಂದಿನ ಮನೆಯ ಕಡೆ ನಡೆದೆ.